ಸಂಜಯನಗರದ ಸಂಪು

ಬಳ್ಳಾರಿ ರಸ್ತೆಯನ್ನು ಹಿಡಿದು ಬೆಂಗಳೂರಿನಿಂದ ಉತ್ತರಕ್ಕೆ ಹೊರಟವರಿಗೆ ಮೇಖ್ರಿ ವೃತ್ತದ ಸಮೀಪದಲ್ಲಿ ಕೆಂಪೇಗೌಡರ ಹೆಸರಿನ ಗೋಪುರವೊಂದು ಸಿಗುತ್ತದೆ. ಊರು ಬೆಳೆದರೆ ಇಲ್ಲಿಯವರೆಗೆ ಎಂದು ನಾಲ್ಕು ಕಡೆ ನೆಟ್ಟ ಗಡಿಗಳಲ್ಲಿ ಇದೂ ಒಂದೆಂದು ಪ್ರತೀತಿ. ಊರು ಆ ಗಡಿಯನ್ನು ಎಂದೋ ದಾಟಿತು. ದಾಟಿದ ಮೇಲೆ ಹುಟ್ಟಿಕೊಂಡ ಬಡಾವಣೆಗಳಲ್ಲಿ ಸಂಜಯನಗರವೂ ಸೇರಿದೆ. ಗೆದ್ದಲಹಳ್ಳಿ, ಭೂಪಸಂದ್ರ, ನಾಗಶೆಟ್ಟಿಹಳ್ಳಿ ಎಂಬ ನೆರೆಹೊರೆಯ ಹೆಸರುಗಳಲ್ಲಿ ಹಳೆಯ ಹಳ್ಳಿಗಳು ಇನ್ನೂ ಉಸಿರಾಡುತ್ತಿವೆ. ಹೊಲಗಳಿದ್ದೆಡೆಯಲ್ಲಿ ಈಗ ಮನೆಗಳು, ಮನೆಗಳ ಮುಂದೆ ಕಾರುಗಳು.

ಇಲ್ಲಿನ ಮನೆಗಳಲ್ಲಿ ಹೊರಗಿನಿಂದ ನೋಡಿದವರಿಗೆ ಕಾಣದ ವಸ್ತುವೊಂದುಂಟು. ಅದು ನೆಲದೊಳಗಿನ ಸಂಪು. ನಲ್ಲಿಯಲ್ಲಿ ನೀರು ಬಂದಾಗ ತುಂಬುವ ಈ ತೊಟ್ಟಿಯಿಂದಲೇ ಮೋಟಾರು ನೀರನ್ನು ಮಾಳಿಗೆಯ ಟ್ಯಾಂಕಿಗೆ ಏರಿಸಬೇಕು. ಸಂಪು ಬರಿದಾಗಿರುವಾಗ ಮೋಟಾರನ್ನು ಓಡಿಸಿದರೆ ಅದು ಕೆಟ್ಟುಹೋಗುತ್ತದೆಂಬುದನ್ನು ಶಾಲೆಗೆ ಹೋಗುವ ಹುಡುಗರೂ ಬಲ್ಲರು. ಆದರೆ ಅಂಗಳದಲ್ಲಿ ನಿಂತ ಕಾರಿನ ಎಂಜಿನ್ನಿನ ತಳದಲ್ಲಿಯೂ ಸಂಪು ಎಂಬ ಹೆಸರಿನದೇ ತೊಟ್ಟಿಯೊಂದಿದೆ, ಅದರಲ್ಲಿ ಎಣ್ಣೆಯಿದೆ, ಅದನ್ನು ಮೇಲಕ್ಕೆತ್ತಲು ಪಂಪೊಂದಿದೆ ಎಂಬುದನ್ನು ಬಲ್ಲ ಗೃಹಸ್ಥರು ಕಡಿಮೆ.

ಬಡಾವಣೆಯ ಸಂಸಾರವೊಂದಕ್ಕೆ ಈ ಅರಿವು ಬಂದದ್ದು ಒಂದು ದಿನ ನಸುಕಿನಲ್ಲಿ. ಉದ್ಯೋಗಕ್ಕೆಂದು ದೆಹಲಿಗೆ ಹೊರಟ ಮಗಳನ್ನು, 2008ರಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ವಿಮಾನ ನಿಲ್ದಾಣಕ್ಕೆ ಬಿಟ್ಟುಬರಲು ತಂದೆತಾಯಿ ಕಾರಿನಲ್ಲಿ ಹೊರಟಿದ್ದರು. ಬಡಾವಣೆಯ ರಸ್ತೆಗಳನ್ನು ದಾಟಿ ಬಳ್ಳಾರಿ ರಸ್ತೆಗೆ ಸೇರಿದ್ದಾಯಿತು. ಪಶುವೈದ್ಯಕೀಯ ಕಾಲೇಜಿನ ಮರಗಳು ಮಬ್ಬಿನಲ್ಲಿ ಕಾಣತೊಡಗಿದ್ದವು. ಹೆಬ್ಬಾಳದ ಮೇಲ್ಸೇತುವೆ ಇನ್ನೂ ಮುಂದಿತ್ತು.

“ಅಪ್ಪ, ಅಲ್ಲಿ ಗಿಂಡಿಯ ಹಾಗೆ ಏನೋ ಕೆಂಪಗೆ ಹೊಳೀತಿದೆ” ಎಂದಳು ಮಗಳು.

ಮೂತಿಯ ತುದಿಯಿಂದ ಹನಿಯೊಂದು ತೊಟ್ಟಿಕ್ಕುವ ಗಿಂಡಿಯ ಚಿತ್ರ ಅದು. ತಂದೆ ಒಮ್ಮೆ ನೋಡಿ, “ಎಣ್ಣೆ ಕಡಿಮೆಯಾಗಿರಬೇಕಮ್ಮ. ನಿನ್ನನ್ನು ಬಿಟ್ಟು ಬರುವಾಗ ಹಾಕಿಸಿದರಾಯಿತು” ಎಂದರು.

ವಿದ್ಯಾವಂತರೂ ಎಡವುವುದು ಇಲ್ಲಿಯೇ. ಪೆಟ್ರೋಲು ಮುಗಿಯುತ್ತ ಬಂದಾಗ ಹೊತ್ತುವ ದೀಪ ವಾಯಿದೆ ಕೊಡುತ್ತದೆ. ಬಂಕು ಸಿಗುವವರೆಗೆ ಹೋಗಬಹುದು. ಗಿಂಡಿಯ ಕೆಂಪು ದೀಪಕ್ಕೆ ವಾಯಿದೆಯಿಲ್ಲ. ಅದು ಅಳೆಯುವುದು ಎಣ್ಣೆಯ ಪ್ರಮಾಣವನ್ನಲ್ಲ, ಒತ್ತಡವನ್ನು. ಎಂಜಿನ್ನಿನ ಕ್ರ್ಯಾಂಕ್ ಷಾಫ್ಟು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ, ಬೇರಿಂಗಿನ ಲೋಹವನ್ನು ಮುಟ್ಟದೆ, ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಆ ಪದರಕ್ಕೆ ಎಡೆಬಿಡದೆ ಎಣ್ಣೆಯನ್ನು ಒದಗಿಸುವುದು ಪಂಪಿನ ಒತ್ತಡ. ಅನೇಕ ಕಾರುಗಳಲ್ಲಿ ಈ ಒತ್ತಡವು ಅರ್ಧ ಬಾರ್‌ಗಿಂತ ಕೆಳಗಿಳಿದ ಮೇಲೆಯೇ ದೀಪ ಹೊತ್ತುತ್ತದೆ. ಕಾರಿನ ಟೈರಿನೊಳಗಿನ ಗಾಳಿಯ ಒತ್ತಡವೇ ಎರಡು ಬಾರ್‌ನಷ್ಟಿರುತ್ತದೆಂಬುದನ್ನು ನೆನೆದರೆ, ಇದು ಎಷ್ಟು ಅಲ್ಪವೆಂಬುದು ತಿಳಿದೀತು. ಅನಂತರ ಲೋಹಕ್ಕೆ ಲೋಹ ಉಜ್ಜುತ್ತದೆ, ಕಾಯುತ್ತದೆ, ಕಡೆಗೆ ಕಚ್ಚಿಕೊಳ್ಳುತ್ತದೆ. ಇದಕ್ಕೆ ಕೆಲವೇ ನಿಮಿಷಗಳು ಸಾಕು. ವಿಮಾನ ನಿಲ್ದಾಣವಾದರೋ ಇನ್ನೂ ಇಪ್ಪತ್ತೈದು ಕಿಲೋಮೀಟರಿನಷ್ಟು ದೂರವಿತ್ತು.

ಹಿಂದೆ ಕುಳಿತಿದ್ದ ತಾಯಿಗೆ ಈ ಲೆಕ್ಕಗಳೊಂದೂ ತಿಳಿಯದು. ಆದರೆ ಆಕೆಗೆ ಬೇರೊಂದು ಸಂಗತಿ ನೆನಪಾಯಿತು. “ಏನೂಂದ್ರೆ, ಬೆಳಿಗ್ಗೆ ರಂಗೋಲಿ ಹಾಕುವಾಗ ಕಾರಿನ ಕೆಳಗೆ ಕಪ್ಪಗೆ ಎಣ್ಣೆ ಚೆಲ್ಲಿತ್ತು. ನಿಮಗೆ ಹೇಳಬೇಕೆಂದುಕೊಂಡವಳು ಗಡಿಬಿಡಿಯಲ್ಲಿ ಮರೆತೆ. ನಿನ್ನೆ ಸಂಜೆ ಹಂಪಿನ ಮೇಲೆ ತಳ ಬಡಿಯಿತಲ್ಲ? ಸಂಪು ಬರಿದಾದ ಮೇಲೂ ಮೋಟಾರು ಓಡಿಸುವವರುಂಟೆ? ಮೊದಲು ನಿಲ್ಲಿಸಿ.”

“ಇವಳ ವಿಮಾನ?” ಎಂದರು ಆತ.

“ಅಷ್ಟೊಂದು ಬಸ್ಸುಗಳು ಹೋಗುತ್ತವೆ. ನೀವು ನಿಲ್ಲಿಸಿ.”

ಸೇತುವೆಯ ಮೇಲೆ ಹೋಗಿ ನಿಂತರೆ ಹಿಂದಿನಿಂದ ಬರುವ ವಾಹನಗಳ ಭಯ. ಆತ ನಾಲ್ಕೂ ಸೂಚಕ ದೀಪಗಳನ್ನು ಹೊತ್ತಿಸಿ, ವೇಗವನ್ನು ತಗ್ಗಿಸಿ, ಎಡಕ್ಕೆ ಸರಿದು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದರು. ನಿಂತ ಮೇಲೆಯೇ ಎಂಜಿನ್ನನ್ನು ಆರಿಸಿದರು. ಓಡುತ್ತಿರುವಾಗಲೇ ಆರಿಸಿದರೆ ಬ್ರೇಕಿಗೂ ಸ್ಟಿಯರಿಂಗಿಗೂ ಎಂಜಿನ್ನಿನಿಂದ ದೊರೆಯುವ ನೆರವು ತಪ್ಪಿ ಬೇರೊಂದು ಅನಾಹುತವಾದೀತು. ತಾಯಿಮಗಳು ಪೆಟ್ಟಿಗೆಗಳನ್ನೆತ್ತಿಕೊಂಡು ಹೆಬ್ಬಾಳದ ನಿಲ್ದಾಣಕ್ಕೆ ನಡೆದು ವಾಯುವಜ್ರ ಬಸ್ಸನ್ನೇರಿದರು.

ಹತ್ತು ನಿಮಿಷ ಕಳೆಯಿತು. ಎಂಜಿನ್ನಿನ ಮೇಲ್ಭಾಗದ ಎಣ್ಣೆ ಸಂಪಿಗೆ ಇಳಿಯಲು ಅಷ್ಟು ಹೊತ್ತು ಬೇಕು. ತಂದೆ ಅಳತೆಯ ಕಡ್ಡಿಯನ್ನು ಹೊರಕ್ಕೆಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದು ನೋಡಿದರು. ಎಣ್ಣೆಯ ಗುರುತು ಕಡ್ಡಿಯ ಎರಡು ಗೆರೆಗಳ ನಡುವೆ ಇರಬೇಕು. ಇಲ್ಲಿ ಕಡ್ಡಿಯ ತುದಿಯೂ ನನೆದಿರಲಿಲ್ಲ. ಬಗ್ಗಿ ನೋಡಿದರೆ ತಳದಿಂದ ಹನಿ ತೊಟ್ಟಿಕ್ಕುತ್ತಿತ್ತು. ಎಣ್ಣೆ ಕಡಿಮೆಯಾಗಿದ್ದು ಸೋರಿಕೆಯಿಲ್ಲದಿದ್ದರೆ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನು ಮೇಲಿನ ಗೆರೆ ಮೀರದಂತೆ ಹಾಕಿ, ದೀಪ ಆರುವುದೇ ಎಂದು ನೋಡಬಹುದು. ಒಡೆದ ಸಂಪಿಗೆ ಎಣ್ಣೆ ಸುರಿಯುವುದು ತಳವಿಲ್ಲದ ಕೊಡಕ್ಕೆ ನೀರು ಹೊಯ್ದಂತೆ. ಆತ ಮತ್ತೆ ಕೀಲಿ ತಿರುಗಿಸುವ ಗೋಜಿಗೆ ಹೋಗಲಿಲ್ಲ.

ಕಾರನ್ನು ಎಳೆಸಿಕೊಂಡು ಹೋದ ಮೆಕ್ಯಾನಿಕ್ ಹೊಸ ಸಂಪು ಜೋಡಿಸಿ, ಎಣ್ಣೆ ತುಂಬಿ, ಮಾಪಕವಿಟ್ಟು ಒತ್ತಡವನ್ನು ಅಳೆದ. “ಫ್ಲೈಓವರ್ ಹತ್ತಿಸದೆ ನಿಲ್ಲಿಸಿದಿರಿ ಸಾರ್, ಎಂಜಿನ್ ಉಳೀತು” ಎಂದ. ಅವನೇ ಇನ್ನೂ ಕೆಲವು ಮಾತುಗಳನ್ನು ಹೇಳಿದ. ಎಣ್ಣೆ ಸರಿಯಾಗಿದ್ದೂ ದೀಪ ಹೊತ್ತುವುದುಂಟು. ಆಗ ಪಂಪು ಕೆಟ್ಟಿರಬಹುದು, ಜಾಲರಿ ಕಟ್ಟಿರಬಹುದು, ಬೇರಿಂಗು ಸವೆದಿರಬಹುದು. ಬರಿಯ ಸ್ವಿಚ್ಚೇ ಕೆಟ್ಟಿರಲೂಬಹುದು; ಆದರೆ ಅಳೆದು ನೋಡದೆ ಹಾಗೆಂದು ನಂಬಿ ಓಡಿಸಬಾರದು. ಕೀಲಿ ತಿರುಗಿಸಿದೊಡನೆ ಗಿಂಡಿ ಹೊತ್ತಿ, ಎಂಜಿನ್ ಹೊರಟ ಕೆಲವೇ ಕ್ಷಣಗಳಲ್ಲಿ ಆರಬೇಕು. ಎಂದೂ ಹೊತ್ತದ ದೀಪವೂ ಕೆಟ್ಟ ಶಕುನವೇ.

ಆ ಹೊತ್ತಿಗೆ ವಿಮಾನ ಹತ್ತಿದೆನೆಂದು ಮಗಳ ಸುದ್ದಿ ಬಂದಿತ್ತು.

ಸಂಜಯನೆಂಬ ಹೆಸರನ್ನು ಕೇಳಿದೊಡನೆ ಕನ್ನಡಿಗರಿಗೆ ಭಾರತದ ಕಥೆ ನೆನಪಾಗುವುದು ಸಹಜ. ರಣರಂಗವನ್ನು ಕಾಣಲಾರದ ಧೃತರಾಷ್ಟ್ರನಿಗೆ ಅಲ್ಲಿನ ವಾರ್ತೆಯನ್ನು ಹೇಳಿದವನು ಆತ. ಕಾರು ನಡೆಸುವವರಿಗೂ ಎಂಜಿನ್ನಿನ ಒಳಗು ಕಾಣದು. ಅಲ್ಲಿನ ವಾರ್ತೆಯನ್ನು ತರುವುದು ಆ ಗಿಂಡಿಯ ದೀಪ. ಧೃತರಾಷ್ಟ್ರ ಎಲ್ಲವನ್ನೂ ಕೇಳಿದ, ಮರುಗಿದ, ನಿಲ್ಲಿಸಿ ಎಂದು ಮಾತ್ರ ಹೇಳಲಿಲ್ಲ. ಸಂಜಯನಗರದ ಆ ಗೃಹಿಣಿ ಹೇಳಿದಳು.