ಬಿಕಾಂ ಡೈರಿ 7: ನಮ್ ಕರೆಂಟಿಗೆ ನಾವೇ ಮಾಲೀಕರು

ನಮ್ಮನೆ ಕರೆಂಟ್ ಬಿಲ್ ನೋಡಿದ ಹಾಸ್ಟೆಲ್ ಗೆಳತಿಯರಿಗೆಲ್ಲ ಒಂದೇ ಡೌಟು: "ನಿಮ್ದು ಹೆಸ್ಕಾಂ ಬಿಲ್ ಅಲ್ವೇನೇ?" 😄

ಅಲ್ಲ. ನಮ್ದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕು. ಇಲ್ಲಿ ಕರೆಂಟ್ ಹಂಚೋದು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಶುರುವಾಗಿದ್ದು 1969ರಲ್ಲಿ. ಆಗ ದೇಶದಲ್ಲಿ ಪ್ರಯೋಗಕ್ಕೆ ಅಂತ ಐದು ಕಡೆ ಇಂಥ ಸಂಘ ಕಟ್ಟಿದ್ರು, ಕರ್ನಾಟಕದ್ದು ನಮ್ದೊಂದೇ. ಸಂಘ ಹೆಸ್ಕಾಂನಿಂದ ಕರೆಂಟ್ ಕೊಂಡು ಮನೆ, ಪಂಪ್‌ಸೆಟ್, ಹಿಟ್ಟಿನ ಗಿರಣಿಗೆ ಕೊಡ್ತದೆ.

ಕಂಪನಿಯಲ್ಲಿ ಷೇರು ಎಷ್ಟೋ ಅಷ್ಟು ವೋಟು ಅಂತ ಕ್ಲಾಸಲ್ಲಿ ಓದಿದೀವಲ್ಲ? ಸಹಕಾರಿಯಲ್ಲಿ ಹಂಗಿಲ್ಲ. ದೊಡ್ಡ ಜಮೀನಿನ ಗೌಡ್ರಿಗೂ ಒಂದೇ ವೋಟು, ಗಿರಣಿ ಕಾಕಾಗೂ ಒಂದೇ ವೋಟು. ಆಡಳಿತ ಮಂಡಳಿ ಆರಿಸೋರು ಸದಸ್ಯರೇ. ಲೈನ್ ಕಟ್ಟಾದ್ರೆ ಕೇಳೋಕೆ ಆಫೀಸೂ ತಾಲೂಕಲ್ಲೇ ಇದೆ. ಇದೇ ಲೈನ್ ಮೇಲೆ ಕಬ್ಬಿಗೆ ನೀರು, ಕಬ್ಬಿನ ದುಡ್ಡಲ್ಲಿ ಸಂಕೇಶ್ವರದ ಅಂಗಡಿ ವ್ಯಾಪಾರ, ನನ್ನ ಫೀಸು.

ಆದ್ರೆ "ನಮ್ದು" ಅಂದ್ರೆ ಸಾಕಾಗಲ್ಲ. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘವೂ ಆ ಐದರಲ್ಲೊಂದು. ಕೊಂಡ ಕರೆಂಟಿನ ಬಾಕಿ ಬೆಳೀತಾ ಹೋಯ್ತು. 2011ರಲ್ಲಿ ವಿತರಣೆಯ ಲೈಸೆನ್ಸೇ ಕೈತಪ್ಪಿತು. ಲೆಕ್ಕ ಕೇಳೋ ಸದಸ್ಯರಿಲ್ಲದಿದ್ರೆ ಯಾವ ಸಂಘವೂ ಉಳಿಯಲ್ಲ.

ನಮ್ಮನೇಲಿ ಷೇರು ಅಜ್ಜಿ ಹೆಸರಲ್ಲಿದೆ. ಈ ಸಲ ವಾರ್ಷಿಕ ಸಭೆಗೆ ಮುಂಚೆ ಬ್ಯಾಲೆನ್ಸ್ ಶೀಟ್ ಓದಿ ಹೇಳ್ತೀನಿ ಅಂದೆ.
"ಓದವಾ. ವೋಟು ನಂದು, ಲೆಕ್ಕ ನಿಂದು" ಅಂದ್ಳು. ❤️

ನಿಮ್ಮೂರ ಹಾಲಿನ ಡೈರಿ, ಪತ್ತಿನ ಸಂಘದಲ್ಲಿ ನಿಮ್ಮನೆ ಷೇರು ಯಾರ ಹೆಸರಲ್ಲಿದೆ? ಕೇಳಿ ಬಂದು ಕಾಮೆಂಟ್ ಹಾಕಿ 👇

#ಬಿಕಾಂಡೈರಿ #ಹುಕ್ಕೇರಿ