ಕಿವಿಯುಳ್ಳವನು ನುಡಿಸಲಿ

ಇಬ್ಬರು ಸೇರಿ ನುಡಿಸುವ ಸಂಗೀತವನ್ನು ನೀವು ಎಂದಾದರೂ ಹತ್ತಿರ ಕುಳಿತು ಕೇಳಿದ್ದೀರಾ? ದೊಡ್ಡ ವಾದ್ಯವೃಂದದ ಮುಂದೆ ಎಲ್ಲರನ್ನೂ ಒಟ್ಟಿಗೆ ನಡೆಸುವ ನಿರ್ದೇಶಕರು ಕೋಲು ಹಿಡಿದು ನಿಂತಿರುತ್ತಾರೆ. ನಮ್ಮ ಸಭೆಗಳ ಗಾಯನ ಮಂಡಳಿಗಳಲ್ಲಿಯೂ ಕೈ ಬೀಸಿ ತಾಳ ತೋರುವವರೊಬ್ಬರು ಇದ್ದೇ ಇರುತ್ತಾರೆ. ಆದರೆ ಒಂದು ಪಿಯಾನೊ, ಒಂದು ಪಿಟೀಲು, ಇಷ್ಟೇ ಇರುವ ಕಡೆ ನಿರ್ದೇಶಕರಿಲ್ಲ. ಯಾವ ಕ್ಷಣದಲ್ಲಿ ಆರಂಭಿಸಬೇಕು, ಎಲ್ಲಿ ತುಸು ನಿಧಾನಿಸಬೇಕು, ಯಾರ ದನಿ ಮೇಲೇಳಬೇಕು, ಯಾರದು ತಗ್ಗಬೇಕು ಎಂಬುದೆಲ್ಲವನ್ನೂ ಇಬ್ಬರೂ ಪರಸ್ಪರ ಕಿವಿಗೊಟ್ಟೇ ತಿಳಿಯಬೇಕು. ಕೆಲವೇ ಮಂದಿ ಕೋಣೆಯೊಳಗೆ ಕೂಡಿ ನುಡಿಸಲೆಂದು ಯುರೋಪಿನಲ್ಲಿ ಬೆಳೆದುಬಂದ ಈ ಬಗೆಗೆ ಚೇಂಬರ್ ಸಂಗೀತ, ಅಂದರೆ ಕೋಣೆಯ ಸಂಗೀತ, ಎಂದೇ ಹೆಸರು.

ನನಗೆ ಅದರ ಪರಿಚಯವಾದದ್ದು ಮಂಗಳೂರಿನ ನಮ್ಮ ಹೆಂಚಿನ ಮನೆಯ ಚಾವಡಿಯಲ್ಲಿ. ಊರು ಬಿಟ್ಟು ಹೊರಟಿದ್ದ ಕುಟುಂಬವೊಂದರಿಂದ ಅಪ್ಪ ಕೊಂಡು ತಂದಿದ್ದ ಹಳೆಯ ಪಿಯಾನೊ ಅಲ್ಲಿತ್ತು. ನನಗಿಂತ ಐದು ವರ್ಷ ಹಿರಿಯಳಾದ ಅಕ್ಕ ಅದನ್ನು ನುಡಿಸುತ್ತಿದ್ದಳು. ನನ್ನ ಕೈಗೆ ಅಪ್ಪ ಪಿಟೀಲು ಕೊಟ್ಟಿದ್ದರು. ನಮ್ಮಿಬ್ಬರಿಗೂ ಕಲಿಸಿದವರು ಸಭೆಯ ಗಾಯನ ಮಂಡಳಿಯನ್ನು ನಡೆಸುತ್ತಿದ್ದ ಹಿರಿಯರೊಬ್ಬರು. ಊರಿಗೆಲ್ಲ ಅವರು ‘ಮಾಸ್ತರರು’.

ಕೀರ್ತನೆಗಳಲ್ಲಿ ಕೈ ಪಳಗಿದ ಮೇಲೆ ಮಾಸ್ತರರು ನಮ್ಮ ಮುಂದಿಟ್ಟದ್ದು ಮೊಜಾರ್ಟರ ಒಂದು ಸೊನಾಟಾ. 1778ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಆರು ಸೊನಾಟಾಗಳಲ್ಲಿ ಅದೂ ಒಂದು. ಅವರ ಕೃತಿಗಳ ಪಟ್ಟಿಯಲ್ಲಿ ಅದರ ಸಂಖ್ಯೆ 304. ಅದೇ ವರ್ಷ ಜುಲೈ 3ರಂದು, ಮಗನೊಡನೆ ಪ್ಯಾರಿಸ್ಸಿಗೆ ಬಂದಿದ್ದ ಮೊಜಾರ್ಟರ ತಾಯಿ ಆ ಪರ ಊರಿನಲ್ಲಿಯೇ ತೀರಿಕೊಂಡರು. ತಂದೆಯೂ ಅಕ್ಕ ನಾನ್ನೆರ್ಲಳೂ ದೂರದ ಸಾಲ್ಜ್‌ಬರ್ಗಿನಲ್ಲಿದ್ದರು. ಆ ಆರು ಕೃತಿಗಳ ಮುಖಪುಟದ ಮೇಲಿದ್ದುದು ಪಿಟೀಲಿನ ಪಕ್ಕವಾದ್ಯ ಸಹಿತವಾದ ಕೀಲಿಮಣೆ ವಾದ್ಯದ ಸೊನಾಟಾಗಳು ಎಂಬ ಅರ್ಥದ ಮಾತು. ಮಾಸ್ತರರು ಅದನ್ನು ವಿವರಿಸಿದಾಗ ಹದಿಮೂರು ವರ್ಷದ ನನಗೆ ಅವಮಾನವಾಯಿತು. ಅಕ್ಕನದು ಮುಖ್ಯ, ನನ್ನದು ಬರಿಯ ಜೊತೆಯೇ ಎಂದು ಮುನಿದೆ. ಮಾಸ್ತರರು ನಕ್ಕು, “ಮೊದಲ ಸಾಲು ನುಡಿಸಿ ನೋಡು, ಆಮೇಲೆ ಹೇಳು” ಎಂದರು.

ಆ ಮೊದಲ ಸಾಲು ನನ್ನ ಅಹಂಕಾರವನ್ನು ಅಡಗಿಸಿತು. ಅಲ್ಲಿ ಪಿಯಾನೊವೂ ಪಿಟೀಲೂ ಒಂದೇ ರಾಗವನ್ನು ಮೆಲುದನಿಯಲ್ಲಿ ಒಟ್ಟಿಗೆ ನುಡಿಯುತ್ತವೆ. ಕೆಳಗೆ ಆಸರೆಯಾಗಿ ಬೇರೆ ಸ್ವರಗಳಿಲ್ಲ. ಒಬ್ಬರು ಕೂದಲೆಳೆಯಷ್ಟು ಮುಂದೆ ಹೋದರೂ ಕೇಳುವವರಿಗೆ ಗೊತ್ತಾಗುತ್ತದೆ. ನಾನು ಪ್ರತಿಸಲವೂ ಮುಂದೆಯೇ ಹೋಗುತ್ತಿದ್ದೆ. ಆಗ ಮಾಸ್ತರರು ನಮ್ಮಿಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿದರು. ತಲೆ ಆಡಿಸುವುದು, ಕಣ್ಸನ್ನೆ ಮಾಡುವುದು ಯಾವುದೂ ಸಾಧ್ಯವಾಗದಂತೆ ಮಾಡಿ, “ಅಕ್ಕ ಉಸಿರೆಳೆಯುವುದನ್ನು ಕೇಳು, ಅದೇ ನಿನಗೆ ಸೂಚನೆ” ಎಂದರು. ಒಂದು ವಾರ ಅದೊಂದೇ ಸಾಲು ನುಡಿಸಿದೆವು. ಒಂದು ಸಂಜೆ ನನಗೆ ನಿಜವಾಗಿಯೂ ಆ ಉಸಿರು ಕೇಳಿಸಿತು.

ಎರಡನೆಯ ಭಾಗದ ಆರಂಭದಲ್ಲಿ ಪಿಯಾನೊ ಒಂಟಿಯಾಗಿ ರಾಗವನ್ನು ಹೇಳಿ ಮುಗಿಸುತ್ತದೆ. ಪಿಟೀಲು ಅಷ್ಟು ಹೊತ್ತೂ ಮೌನವಾಗಿರಬೇಕು. ಆ ವಿರಾಮದಲ್ಲಿ ನಾನು ಒಂದು, ಎರಡು, ಮೂರು ಎಂದು ತಾಳ ಎಣಿಸುತ್ತ, ನನ್ನ ಸರದಿ ಬಂದೊಡನೆ ಕಮಾನು ಹಾಕುತ್ತಿದ್ದೆ. ಎಣಿಕೆ ತಪ್ಪುತ್ತಿರಲಿಲ್ಲ. ಆದರೂ ಮಾಸ್ತರರು ತಡೆದು ನಿಲ್ಲಿಸಿದರು. “ನೀನು ಕಾಯುತ್ತಿದ್ದೀ ಮಗು, ಕೇಳುತ್ತಿಲ್ಲ. ಅಕ್ಕ ಇಂದು ಈ ರಾಗವನ್ನು ನಿನ್ನೆಗಿಂತ ದುಃಖದಿಂದ ನುಡಿಸಿದಳು. ನೀನು ನಿನ್ನೆಯದನ್ನೇ ಉತ್ತರ ಕೊಟ್ಟೆ” ಎಂದರು. ಇನ್ನೊಂದು ವಿಷಯವನ್ನೂ ಅವರು ತೋರಿಸಿದರು. ಪಿಯಾನೊ ನುಡಿಸುವವರ ಪುಸ್ತಕದಲ್ಲಿ ಅವರ ಸಾಲುಗಳ ಮೇಲೆಯೇ ಪಿಟೀಲಿನ ಸಾಲೂ ಅಚ್ಚಾಗಿರುತ್ತದೆ. ಪಿಟೀಲು ನುಡಿಸುವವನ ಹಾಳೆಯಲ್ಲಿ ಅವನ ಸಾಲು ಮಾತ್ರ ಇರುತ್ತದೆ. ಜೊತೆಗಾರರು ಏನು ಹೇಳುತ್ತಿದ್ದಾರೆ ಎಂಬುದನ್ನು ಅವನು ಕಿವಿಯಿಂದಲೇ ಕಲಿಯಬೇಕು. ಅದಕ್ಕಾಗಿ ಅವರು ಪಿಟೀಲನ್ನು ಕೆಳಗಿಡಿಸಿ, ಅಕ್ಕನ ಎಡಗೈಯ ಸ್ವರಗಳನ್ನು ನನ್ನಿಂದ ಹಾಡಿಸಿದರು.

ಹಾಗೆಂದು ಕೇಳುವುದೆಂದರೆ ಹಿಂದೆ ಬೀಳುವುದಲ್ಲ. ಮಾಸ್ತರರ ಮಾತನ್ನು ಅತಿಯಾಗಿ ಪಾಲಿಸಹೋಗಿ ಒಮ್ಮೆ ನಾನು ಅಕ್ಕನ ಪ್ರತಿಯೊಂದು ಸ್ವರಕ್ಕೂ ಕಾದೆ. ಅಕ್ಕ ನನಗಾಗಿ ಕಾದಳು. ಸಂಗೀತ ಎತ್ತಿನ ಗಾಡಿಯಂತೆ ಕುಂಟಿತು. “ಇಬ್ಬರೂ ಸುಮ್ಮನೆ ಸೌಜನ್ಯ ತೋರಿಸಬೇಡಿ. ಕೇಳಿದ ಮೇಲೆ ನಿಮ್ಮ ಮಾತನ್ನೂ ಸ್ಪಷ್ಟವಾಗಿ ಹೇಳಿ” ಎಂದು ಮಾಸ್ತರರು ಗದರಿದರು.

ಇಷ್ಟೆಲ್ಲ ಕಲಿತವನು ನಾನು. ಆದರೂ ಪ್ರಿಯ ಓದುಗರೇ, ಬಾಳಿನ ಅತಿ ಮುಖ್ಯವಾದ ಸಂಭಾಷಣೆಯಲ್ಲಿ ನಾನು ಕಿವುಡನಾದೆ. ಅದನ್ನು ನಿಮ್ಮಿಂದ ಮರೆಮಾಚಿದರೆ ಈ ಲೇಖನಕ್ಕೆ ಅರ್ಥವಿಲ್ಲ.

ನಾನು ಉದ್ಯೋಗ ಹಿಡಿದು ಬೆಂಗಳೂರು ಸೇರಿದೆ. ಅಕ್ಕ ಮದುವೆಯಾಗದೆ ಅಪ್ಪನ ಸೇವೆ ಮಾಡುತ್ತ, ನೆರೆಹೊರೆಯ ಮಕ್ಕಳಿಗೆ ಪಿಯಾನೊ ಕಲಿಸುತ್ತ ಅದೇ ಮನೆಯಲ್ಲಿ ಉಳಿದಳು. ಅಪ್ಪ ತೀರಿಕೊಂಡ ಮೇಲೆ ಮನೆ ಮಾರೋಣವೆಂದು ನಾನು ಹೇಳಿದೆ. ಅಕ್ಕ ಒಪ್ಪಲಿಲ್ಲ. “ಪಿಯಾನೊ ಎಲ್ಲಿಡಲಿ?” ಎಂದು ಕೇಳಿದಳು. ನೆಪವೆಂದುಕೊಂಡೆ. ಎರಡನೆಯ ಸಲವೂ ಅದನ್ನೇ ಕೇಳಿದಳು. “ಒಂದು ಕೀಬೋರ್ಡ್ ಕೊಂಡರಾಯಿತು” ಎಂದೆ. ಮೂರನೆಯ ಸಲ ಅವಳು ಅದೇ ಮಾತೆತ್ತಿದಾಗ, ಇಡೀ ಮನೆಯನ್ನು ನುಂಗಲು ಹೊರಟಿದ್ದಾಳೆಂದು ತೀರ್ಮಾನಿಸಿ ವಕೀಲರ ಮೂಲಕ ನೋಟಿಸ್ ಕಳುಹಿಸಿದೆ. ಕಾನೂನು ನನ್ನ ಕಡೆಗಿತ್ತು. ಅರ್ಧ ಪಾಲು ನನ್ನದೇ. ನಾಲ್ಕು ವರ್ಷ ನಾವು ಮಾತನಾಡಲಿಲ್ಲ. ಆ ನಾಲ್ಕು ಕ್ರಿಸ್ಮಸ್‌ಗಳಲ್ಲಿಯೂ ನಾನು ನನ್ನ ಸಭೆಯಲ್ಲಿ ಪಿಟೀಲು ನುಡಿಸಿ ಸಮಾಧಾನದ ಕೀರ್ತನೆಗಳಿಗೆ ಜೊತೆಯಾದೆ ಎಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆ ದಿನಗಳಲ್ಲಿ ಮೊಜಾರ್ಟರ ಜೀವನಚರಿತ್ರೆಯನ್ನು ಓದುತ್ತಿದ್ದೆ. ಬಾಲ್ಯದಲ್ಲಿ ಅಕ್ಕ ತಮ್ಮ ಒಂದೇ ಕೀಲಿಮಣೆಯ ಮುಂದೆ ಕುಳಿತು ನಾಲ್ಕು ಕೈಗಳಿಂದ ನುಡಿಸಿ ಯುರೋಪಿನ ನಗರಗಳನ್ನು ಬೆರಗುಗೊಳಿಸಿದವರು. 1780ರ ಸುಮಾರಿಗೆ ಬರೆದ ಕುಟುಂಬದ ಚಿತ್ರವೊಂದರಲ್ಲಿ ಅವರಿಬ್ಬರೂ ಹಾಗೆಯೇ ಕುಳಿತಿದ್ದಾರೆ; ಒಬ್ಬರ ಕೈ ಇನ್ನೊಬ್ಬರ ಕೈಯನ್ನು ದಾಟಿ ಹೋಗಿದೆ; ತಂದೆ ಪಿಟೀಲು ಹಿಡಿದಿದ್ದಾರೆ; ಆಗಲೇ ತೀರಿಕೊಂಡಿದ್ದ ತಾಯಿಯ ಭಾವಚಿತ್ರ ಗೋಡೆಯ ಮೇಲಿದೆ. 1787ರ ಮೇ 28ರಂದು ತಂದೆ ಲಿಯೋಪೋಲ್ಡ್ ತೀರಿಕೊಂಡರು. ಆಸ್ತಿಯ ಇತ್ಯರ್ಥದ ಮಾತು ಪತ್ರಗಳಲ್ಲಿ ನಡೆಯಿತು. ತಮ್ಮ ಅಕ್ಕನಿಗೆ ಬರೆದ ಪತ್ರಗಳಲ್ಲಿ ನಮಗೆ ಉಳಿದಿರುವ ಕೊನೆಯದು 1788ರ ಆಗಸ್ಟಿನದು. 1791ರ ಡಿಸೆಂಬರ್ 5ರಂದು ತಮ್ಮನೂ ತೀರಿಕೊಂಡ. ಆ ತಾರೀಖುಗಳನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೂ ಫೋನ್ ಎತ್ತಿಕೊಳ್ಳಲು ಅಭಿಮಾನ ಬಿಡಲಿಲ್ಲ.

ಕೊನೆಗೆ ನನ್ನನ್ನು ಊರಿಗೆ ಕರೆಸಿದ್ದು ಮಾಸ್ತರರ ಮರಣ. ಶವಸಂಸ್ಕಾರ ಮುಗಿದು ಎಲ್ಲರೂ ಚದುರುವಾಗ ಅಕ್ಕ ಬಳಿಗೆ ಬಂದು, “ಮನೆಗೆ ಬಾ, ಕಾಫಿ ಕುಡಿದು ಹೋಗು” ಎಂದಳು. ಪಿಟೀಲಿನ ಪೆಟ್ಟಿಗೆ ಕೈಯಲ್ಲಿತ್ತು. ಚಾವಡಿಯಲ್ಲಿ ಕುಳಿತೆವು. ಮಾತು ಹೊರಡಲಿಲ್ಲ. ಅಕ್ಕ ಪಿಯಾನೊ ತೆರೆದಳು. ಮಾಸ್ತರರಿಗಾಗಿ ಆ ಒಂದು ಸಾಲನ್ನಾದರೂ ನುಡಿಸೋಣವೆಂದು ಇಬ್ಬರಿಗೂ ತೋರಿರಬೇಕು. ಶ್ರುತಿ ಕೂಡಿಸಿಕೊಳ್ಳಲು ಅವಳು ‘ಎ’ ಸ್ವರವನ್ನು ಒತ್ತಿದಳು. ಅದು ನನ್ನ ತಂತಿಗಿಂತ ಬಹಳ ತಗ್ಗಿತ್ತು.

ಶಾಲೆಯ ವಿಜ್ಞಾನದ ಪಾಠದಲ್ಲಿ ನೀವು ಕಂಡಿರುವ ಶ್ರುತಿಕವೆಯೊಂದು ನನ್ನ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತದೆ. ಸೆಕೆಂಡಿಗೆ 440 ಕಂಪನಗಳು. ಲೋಕವೆಲ್ಲ ಒಪ್ಪಿದ ಅಳತೆ. ಅದನ್ನು ಮೀಟಿ ಕಿವಿಗೆ ಹಿಡಿದೆ. ನನ್ನ ತಂತಿ ಸರಿಯಾಗಿತ್ತು, ಪಿಯಾನೊ ತಪ್ಪಾಗಿತ್ತು. ಹೇಳಬೇಕೆಂದು ಬಾಯಿ ತೆರೆದವನು ಹಾಗೆಯೇ ನಿಂತೆ. ಪಿಯಾನೊದ ಶ್ರುತಿ ಸರಿಪಡಿಸುವವರನ್ನು ಪ್ರತಿ ವರ್ಷವೂ ಬೆಂಗಳೂರಿನಿಂದ ಕಳುಹಿಸುತ್ತಿದ್ದವನು ನಾನೇ. ನೋಟಿಸ್ ಕಳುಹಿಸಿದ ವರ್ಷ ಅದನ್ನೂ ನಿಲ್ಲಿಸಿದ್ದೆ. ನಾಲ್ಕು ವರ್ಷ ಯಾರೂ ಮುಟ್ಟದೆ ಅದರ ತಂತಿಗಳು ಸಡಿಲಗೊಂಡಿದ್ದವು. ಇನ್ನೂರಕ್ಕೂ ಮಿಕ್ಕ ತಂತಿಗಳ ಆ ವಾದ್ಯವನ್ನು ಆ ಸಂಜೆ ಮೇಲಕ್ಕೇರಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. ಪಿಟೀಲಿಗೆ ಇರುವುದು ನಾಲ್ಕೇ ತಂತಿ. ಇಳಿಯಬಲ್ಲವನು ನಾನೊಬ್ಬನೇ. ಶ್ರುತಿಕವೆಯನ್ನು ಪೆಟ್ಟಿಗೆಗೆ ಹಾಕಿ, ನಾಲ್ಕೂ ಬಿರಡೆಗಳನ್ನು ಒಂದೊಂದಾಗಿ ಸಡಿಲಿಸಿದೆ.

ಆಮೇಲೆ ಅಕ್ಕ ಉಸಿರೆಳೆದಳು. ನುಡಿಸಿದೆವು. ವಯಸ್ಸಾದ ಬೆರಳುಗಳು ಹಲವು ಕಡೆ ತಪ್ಪಿದವು. ಮೊದಲ ಸಾಲು ಮಾತ್ರ ಒಟ್ಟಿಗೆ ಬಂತು.

ಕಾಫಿ ಕುಡಿಯುವಾಗ, “ಪಿಯಾನೊ ಎಲ್ಲಿಡಲಿ ಎಂದು ಕೇಳಿದ್ದೆಯಲ್ಲ, ಅದನ್ನು ಇನ್ನೊಮ್ಮೆ ಹೇಳು” ಎಂದೆ. ಅವಳು ಹೇಳಿದಳು. ಸಂಜೆ ಬರುವ ಆ ಐದಾರು ಮಕ್ಕಳಲ್ಲದೆ ತನ್ನ ಮನೆಗೆ ಬರುವವರು ಯಾರೂ ಇಲ್ಲ. ಪಿಯಾನೊ ಹೋದರೆ ಅವರೂ ಬರುವುದಿಲ್ಲ. ಆಮೇಲೆ ದಿನವಿಡೀ ಯಾರೊಡನೆ ಮಾತನಾಡಲಿ? ಇಷ್ಟೇ ಅವಳ ಮಾತಿನ ಅರ್ಥ. ಮನೆಯ ಪಾಲಿನ ವಿಚಾರವೇ ಅದರಲ್ಲಿರಲಿಲ್ಲ. ನಂತರ ಅವಳು ನನ್ನನ್ನು ಕೇಳಿದಳು: “ನಿನಗೆ ಅಷ್ಟು ಅವಸರ ಯಾಕಿತ್ತು?” ಮಗನ ಓದಿಗಾಗಿ ಮಾಡಿದ ಸಾಲ ಕುತ್ತಿಗೆಗೆ ಬಂದಿತ್ತೆಂಬುದನ್ನು ಅಭಿಮಾನದಿಂದ ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಅವಳ ಪುಸ್ತಕದಲ್ಲಿ ಅಚ್ಚಾಗಿರಬೇಕಾದ ನನ್ನ ಸಾಲನ್ನು ನಾನೇ ಮುಚ್ಚಿಟ್ಟಿದ್ದೆ.

ಎಲ್ಲವೂ ಅಂದೇ ಬಗೆಹರಿಯಿತೆಂದು ಹೇಳಿದರೆ ಸುಳ್ಳಾದೀತು. ನೋಟಿಸನ್ನು ಹಿಂದಕ್ಕೆ ಪಡೆದೆ. ಹಿತ್ತಲಿನ ಭಾಗವನ್ನು ಮಾತ್ರ ಮಾರುವ ಸಲಹೆಯನ್ನು ಅಕ್ಕನೇ ಕೊಟ್ಟಳು. ಅದರ ಕಾಗದಪತ್ರಗಳ ಓಡಾಟ ಇನ್ನೂ ನಡೆದಿದೆ. ಆಡಿದ ಕೆಲವು ಮಾತುಗಳ ಗಾಯ ಇಬ್ಬರಲ್ಲಿಯೂ ಇದೆ. ಆದರೆ ಭಾನುವಾರ ಸಂಜೆ ಫೋನಿನಲ್ಲಿ ಮಾತನಾಡುತ್ತೇವೆ. ಅವಳು ಹೇಳುವಾಗ ನಾನು ಎಣಿಸುವುದಿಲ್ಲ.

ಪ್ರಭು ಯೇಸು ಯೆರಿಕೋ ಪಟ್ಟಣದಿಂದ ಹೊರಡುವಾಗ ಕುರುಡನಾದ ಬಾರ್ತಿಮಾಯನು ಕೂಗಿಕೊಂಡ ಪ್ರಸಂಗ ನಿಮಗೆ ತಿಳಿದೇ ಇದೆ. ಜನರು ಅವನನ್ನು ಗದರಿಸಿ ಸುಮ್ಮನಾಗಿಸಲು ನೋಡಿದರು. ಪ್ರಭು ನಿಂತರು. ಕುರುಡನಿಗೆ ಬೇಕಾದುದು ಏನೆಂಬುದು ಯಾರಿಗೆ ತಾನೇ ಕಾಣದು? ಆದರೂ ತನ್ನಿಂದ ಏನಾಗಬೇಕೆಂದು ಅವರು ಅವನನ್ನೇ ಕೇಳಿದರು. ಅವನ ಬಾಯಿಂದಲೇ ಅದನ್ನು ಕೇಳಿದ ಮೇಲೆ ಉತ್ತರ ಕೊಟ್ಟರು. ಎಲ್ಲವನ್ನೂ ಬಲ್ಲಾತನೇ ಹೀಗೆ ಕಿವಿಗೊಟ್ಟಿರುವಾಗ, ಏನೂ ಅರಿಯದ ನಾವು ಮನೆಯವರ ಮಾತು ಮುಗಿಯುವ ಮೊದಲೇ ಉತ್ತರ ಸಿದ್ಧಮಾಡಿಕೊಳ್ಳುತ್ತೇವಲ್ಲ! ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಓದುವಾಗಲೂ ನನಗೀಗ ಆ ಸಂಜೆಯ ನೆನಪಾಗುತ್ತದೆ. ದೇವರಿಗೆ ಸಮಾನನಾಗಿದ್ದರೂ ಆ ಸ್ಥಾನವನ್ನು ಬಿಗಿಹಿಡಿಯದೆ ನಮ್ಮ ಮಟ್ಟಕ್ಕೆ ಇಳಿದು ಬಂದ ಕ್ರಿಸ್ತನ ಬಗ್ಗೆ ಅಪೊಸ್ತಲನು ಅಲ್ಲಿ ಹೇಳುತ್ತಾನೆ. ನಾವು ಶ್ರುತಿ ತಪ್ಪಿದ್ದೆವು. ಮೇಲಕ್ಕೇರುವ ಶಕ್ತಿ ನಮಗಿರಲಿಲ್ಲ. ಸರಿಯಾಗಿದ್ದಾತನೇ ಇಳಿದು ಬಂದನು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಪಿಯಾನೊ ಇಲ್ಲದಿರಬಹುದು. ಆದರೆ ಒಂದೇ ಮಾತನ್ನು ಮೂರು ಸಲ ಹೇಳಿ ಸುಮ್ಮನಾದವರು ಯಾರಾದರೂ ಇರಬಹುದು; ಅಕ್ಕನೋ, ತಮ್ಮನೋ, ಜೀವನ ಸಂಗಾತಿಯೋ, ವಯಸ್ಸಾದ ತಾಯಿಯೋ. ನ್ಯಾಯ ನಿಮ್ಮ ಕಡೆಗೇ ಇದ್ದೀತು. ಅದನ್ನು ಸ್ವಲ್ಪ ಹೊತ್ತು ಪೆಟ್ಟಿಗೆಯೊಳಗಿಟ್ಟು, ಆ ಮಾತನ್ನು ನಾಲ್ಕನೆಯ ಸಲ ಹೇಳುವಂತೆ ಅವರನ್ನು ಕೇಳಿಕೊಳ್ಳಿರಿ. ಆಮೇಲೆ ನಿಮ್ಮ ಮಾತನ್ನೂ ಮುಚ್ಚಿಡದೆ ಹೇಳಿರಿ. ಕಿವಿಯನ್ನು ಕೊಟ್ಟ ದೇವರು ಕೇಳುವ ಮನಸ್ಸನ್ನೂ ನಮಗೆಲ್ಲರಿಗೂ ಅನುಗ್ರಹಿಸಲಿ.