ಆರು ಮಂದಿಗೊಬ್ಬ ಹಿರಿಯ

ವಿಶ್ವವಿದ್ಯಾನಿಲಯ ಅನುದಾನ ಆಯೋಗವು ರ‍್ಯಾಗಿಂಗಿನ ನಿಗ್ರಹಾರ್ಥವಾಗಿ 2009ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ, ದಂಡನೆಯ ಕಟ್ಟಳೆಗಳ ನಡುವೆ, ಆರು ಮಂದಿ ಹೊಸಬರಿಗೆ ಸ್ವಯಂಪ್ರೇರಣೆಯಿಂದ ಮುಂದೆ ಬಂದ ಹಿರಿಯ ವಿದ್ಯಾರ್ಥಿಯೊಬ್ಬನು ಮಾರ್ಗದರ್ಶಕನಾಗಿರತಕ್ಕದ್ದೆಂಬ ವಿಧಿಯೂ ಉಂಟು. ಆ ಸಂಖ್ಯೆಯ ಅಲ್ಪತ್ವದಲ್ಲಿಯೇ ಅದರ ವಿವೇಕವಿದೆ: ಅರುವತ್ತು ಮಂದಿಯೆದುರು ನಿಂತವನು ಭಾಷಣಕಾರನಾದಾನು, ಆರು ಮಂದಿಯ ನಡುವೆ ಕುಳಿತವನಿಗಾದರೋ, ಹಳ್ಳಿಯ ಕನ್ನಡ ಶಾಲೆಯಿಂದ ಬಂದು, ಇಂಗ್ಲಿಷ್ ಉಪನ್ಯಾಸಗಳಲ್ಲಿ ತಬ್ಬಿಬ್ಬಾಗಿ, ಮೊದಲ ಕಿರುಪರೀಕ್ಷೆಯಲ್ಲಿಯೇ ಅನುತ್ತೀರ್ಣನಾಗಿ, ಮೆಸ್ಸಿನ ಊಟವನ್ನೂ ಬಿಟ್ಟು ಕೋಣೆ ಸೇರಿದವನಾರೆಂಬುದು ತಿಳಿದೀತು. ಅಂಥವನಿಗೆ ಬೇಕಾದುದು ಉಪದೇಶವಲ್ಲ, ಹಿಂದಿನ ವರ್ಷದ ಟಿಪ್ಪಣಿಗಳು, ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ ಯಾವುದೆಂಬ ಮಾಹಿತಿ, ಜೊತೆಗೆ ಕುಳಿತು ಉಣ್ಣುವ ಒಬ್ಬ ಸ್ನೇಹಿತ. ತನ್ನಿಂದ ಪರಿಹರಿಸಲಾಗದ ಸಂಕಟವನ್ನು ಅಧ್ಯಾಪಕರಿಗೋ ವೈದ್ಯರಿಗೋ ಒಪ್ಪಿಸುವ ವಿನಯವೂ ಆ ಹಿರಿಯನಿಗಿರಬೇಕು. ಎರಡನೆಯ ವರ್ಷದ ಮಿತ್ರರೇ, ಈ ಸಲ ನಿಮ್ಮ ಹೆಸರನ್ನು ಕೊಡಿರಿ.